ಮಾತು ಬಾರದ ಬ್ಯಾರಿಸ್ಟರ್

‘ನಾಲ್ಕು ಜನರ ಮುಂದೆ ಬಾಯಿ ಬಿಡುವುದಿಲ್ಲ, ಇವನೇನು ವಕೀಲನಾಗುತ್ತಾನೆ?’ ಲಾ ಕಾಲೇಜು ಸೇರಬೇಕೆನ್ನುವ ಮಗನನ್ನೋ ಮಗಳನ್ನೋ ಕುರಿತು ತಂದೆ ತಾಯಿ ಆಡುವ ಮಾತಿದು. ವಕೀಲಿ ಎಂದರೆ ಹುಟ್ಟು ಮಾತುಗಾರರ ಕಸುಬು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಗಾಂಧೀಜಿಯವರ ವಕೀಲಿಯ ಮೊದಲ ದಿನಗಳನ್ನು ನೋಡಿದರೆ ಈ ನಂಬಿಕೆ ಸಡಿಲವಾಗುತ್ತದೆ.

ಲಂಡನ್ನಿನಲ್ಲಿ ಓದುತ್ತಿದ್ದಾಗ ಅವರು ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು. ಒಮ್ಮೆ ತಮ್ಮ ಅಭಿಪ್ರಾಯವನ್ನು ಬರೆದುಕೊಂಡು ಹೋದರೂ ಓದುವ ಧೈರ್ಯ ಸಾಲದೆ, ಬೇರೊಬ್ಬರು ಅದನ್ನು ಓದಿ ಹೇಳಬೇಕಾಯಿತು. 1891ರಲ್ಲಿ ಬ್ಯಾರಿಸ್ಟರಾಗಿ ಮರಳಿದ ಮೇಲೆ, ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ 30 ರೂಪಾಯಿ ಫೀಸಿನ ಮೊದಲ ಮೊಕದ್ದಮೆ ಸಿಕ್ಕಿತು. ವಾದಿಯ ಸಾಕ್ಷಿಗಳಿಗೆ ಪಾಟೀಸವಾಲು ಹಾಕಬೇಕಿತ್ತು. ಎದ್ದು ನಿಂತರೆ ತಲೆ ಸುತ್ತಿತು. ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. ಫೀಸನ್ನು ಹಿಂದಿರುಗಿಸುವುದಾಗಿ ಹೇಳಿದರು. ಮೊಕದ್ದಮೆ 51 ರೂಪಾಯಿಗೆ ಬೇರೆ ವಕೀಲರ ಪಾಲಾಯಿತು. ಇದನ್ನೆಲ್ಲ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ.

1893ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ವ್ಯಾಪಾರಿ ದಾದಾ ಅಬ್ದುಲ್ಲಾ ಅವರ 40 ಸಾವಿರ ಪೌಂಡುಗಳ ದಾವೆಗಾಗಿ. ದಾವೆಯೆಲ್ಲ ಲೆಕ್ಕಪತ್ರದ್ದು, ಅದೇ ಅವರಿಗೆ ಗೊತ್ತಿರಲಿಲ್ಲ. ಪುಸ್ತಕ ಕೊಂಡು ಲೆಕ್ಕ ಬರೆಯುವುದನ್ನು ಕಲಿತರು, ಕಾಗದಪತ್ರಗಳನ್ನೆಲ್ಲ ಓದಿದರು. ಅದೇ ವರ್ಷ ಪ್ರಿಟೋರಿಯಾದಲ್ಲಿ ಭಾರತೀಯ ವ್ಯಾಪಾರಿಗಳ ಸಭೆಯಲ್ಲಿ ವ್ಯಾಪಾರದಲ್ಲಿ ಸತ್ಯ ಎಂಬ ವಿಷಯವಾಗಿ ಮಾತನಾಡಿದರು. ಈ ಬಾರಿ ನಾಲಿಗೆ ತಡವರಿಸಲಿಲ್ಲ.

ಬದಲಾದದ್ದೇನು? ಸಿದ್ಧತೆ ಮಾಡಿಕೊಂಡು ಹೋಗಿದ್ದರು. ಎದುರಿಗಿದ್ದವರಿಗೆ ಹೇಳಲೇಬೇಕಾದ ವಿಷಯವೂ ಅವರಲ್ಲಿತ್ತು. ದಾವೆಯಲ್ಲಿಯೂ ಹಾಗೆಯೇ. ಸಂಗತಿಗಳನ್ನು ಬೇರುಮಟ್ಟ ತಿಳಿದಿದ್ದರಿಂದ ಇಬ್ಬರು ಕಕ್ಷಿದಾರರನ್ನೂ ಪಂಚಾಯಿತಿಗೆ ಒಪ್ಪಿಸಲು ಸಾಧ್ಯವಾಯಿತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಸುಳ್ಳಾಗಲಿಲ್ಲ.

ಇಂದಿನ ವಿದ್ಯಾರ್ಥಿಗಳಿಗೆ ಈ ಕಲಿಕೆ ಪಾಠದ ಭಾಗವೇ ಆಗಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಕಾನೂನು ವ್ಯಾಸಂಗದಲ್ಲಿ ಅಣಕು ನ್ಯಾಯಾಲಯದಲ್ಲಿ ವಾದ ಮಂಡಿಸುವುದು, ನಿಜವಾದ ಸಿವಿಲ್ ಮತ್ತು ಕ್ರಿಮಿನಲ್ ವಿಚಾರಣೆಗಳನ್ನು ಕುಳಿತು ನೋಡುವುದು ಕಡ್ಡಾಯ. ಇದನ್ನು ಅಂಕಕ್ಕಾಗಿ ಮುಗಿಸಿಬಿಡಬಾರದು. ಕೋರ್ಟಿನಲ್ಲಿ ಕುಳಿತಾಗ ವಕೀಲರ ಗಟ್ಟಿ ದನಿಯನ್ನಲ್ಲ, ಪ್ರಶ್ನೆಗಳ ಸಾಲನ್ನು ಗಮನಿಸಿ. ಯಾವುದು ಮೊದಲು ಬಂತು, ಯಾವುದನ್ನು ಕೇಳದೆ ಬಿಟ್ಟರು ಎಂದು ಬರೆದಿಡಿ. ಭಾಷಣವನ್ನು ಬಾಯಿಪಾಠ ಮಾಡಬೇಡಿ; ನ್ಯಾಯಾಧೀಶರು ನಡುವೆ ಒಂದು ಪ್ರಶ್ನೆ ಕೇಳಿದರೆ ಬಾಯಿಪಾಠದ ಎಳೆ ತುಂಡಾಗುತ್ತದೆ. ವಿಷಯ ಅರಿತವನು ಎಲ್ಲಿಂದಲಾದರೂ ಮತ್ತೆ ಹಿಡಿಯಬಲ್ಲ.

ತಂದೆ ತಾಯಿಯೂ ಕೈಜೋಡಿಸಬಹುದು. ಊಟದ ಹೊತ್ತಿನಲ್ಲಿ ಒಂದು ಮೊಕದ್ದಮೆಯ ವಿವರವನ್ನು ಮಕ್ಕಳಿಂದ ಮನೆಮಾತಿನಲ್ಲೇ ಹೇಳಿಸಿ. ಕಾನೂನು ಓದದ ಅಜ್ಜಿಗೂ ಅದು ಅರ್ಥವಾದರೆ, ಮಗು ವಕೀಲಿಯ ಮೊದಲ ಮೆಟ್ಟಿಲು ಹತ್ತಿದಂತೆಯೇ.