ತಾಪಿಯ ದಂಡೆಯಲ್ಲಿ ತುಂಗೆ

ನಮ್ಮ ಕಚೇರಿಯ ಕಂಪ್ಯೂಟರಿನ ತೆರೆಯ ಮೇಲೆ ಇಲಾಖೆಯ ಮುದ್ರೆಯೊಂದು ಕುಳಿತಿದೆ. ಅದನ್ನು ಬದಲಾಯಿಸುವ ಅಧಿಕಾರ ನನ್ನಂತಹ ಗುಮಾಸ್ತನಿಗಿಲ್ಲ. ದಿನವೂ ಅದರ ದರ್ಶನವಾದಾಗ, ತೆರೆಗೆಲ್ಲ ನಾನೇ ರಾಜನಾಗಿದ್ದ ಕಾಲವೊಂದು ನೆನಪಾಗುತ್ತದೆ.

ಆಗ ನಾವು ಸೂರತ್ತಿನ ಅಡಾಜಣದಲ್ಲಿ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೆವು. 2004ರಲ್ಲಿ ಅಪ್ಪ ಕಂತಿನ ಮೇಲೆ ಕಂಪ್ಯೂಟರು ತಂದರು. ಅದರಲ್ಲಿದ್ದುದು 2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿ. ಗುಂಡಿ ಒತ್ತಿದರೆ ಹಸಿರು ಗುಡ್ಡ, ನೀಲಿ ಆಕಾಶ. ಅಮ್ಮನ ಪಾಲಿಗೆ ಅದು ಮಲೆನಾಡೇ. ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕರು 1996ರಲ್ಲಿ ಕ್ಯಾಲಿಫೋರ್ನಿಯದ ಸೊನೋಮಾದಲ್ಲಿ ತೆಗೆದ ಚಿತ್ರವದು ಎಂದು ನನಗೆ ತಿಳಿದದ್ದು ತಡವಾಗಿ. ಅಮ್ಮನಿಗೆ ಇಂದಿಗೂ ಹೇಳಿಲ್ಲ.

ಯಂತ್ರದೊಳಗೆ ಕನ್ನಡವೂ ಇದ್ದಿತು, ಕೇಳಿದವರಿಗೆ ಮಾತ್ರ. ಕಂಟ್ರೋಲ್ ಪ್ಯಾನೆಲಿನಲ್ಲಿ ಭಾಷೆಗಳ ಪುಟ ತೆರೆದು, ಗುರುತು ಹಾಕಿ, ಸಿ.ಡಿ. ಒದಗಿಸಬೇಕು. ಇಲ್ಲವಾದರೆ ಅಕ್ಷರದ ಬದಲು ಬರಿಯ ಚೌಕಗಳ ಸಾಲು! ಆ ಕನ್ನಡ ಅಕ್ಷರಮಾದರಿಯ ಹೆಸರು 'ತುಂಗಾ'. ತೀರ್ಥಹಳ್ಳಿಯಲ್ಲಿ ಹುಟ್ಟಿದ ಅಮ್ಮ, "ತಾಪಿಯ ದಂಡೆಗೆ ಬಂದರೂ ತುಂಗೆ ನಮ್ಮನ್ನು ಬಿಡಲಿಲ್ಲ, ನೋಡು" ಎಂದಳು.

'ಮೈ ಕಂಪ್ಯೂಟರ್' ಎಂಬುದು 'ನಮ್ಮ ಮನೆ'ಯಾಯಿತು. ಅಪ್ಪನ ಫೋಲ್ಡರು 'ಲೆಕ್ಕಪತ್ರ', ಅಮ್ಮನ ಹಾಡುಗಳದ್ದು 'ದೇವರ ಕೋಣೆ'. ಕಸದ ಬುಟ್ಟಿ ಮಾತ್ರ ಹೆಸರು ಬದಲಿಸಲು ಒಪ್ಪಲಿಲ್ಲ. ಇಂಗ್ಲಿಷಿನಲ್ಲಿಯೇ ಇರಲಿ ಎಂದು ಬಿಟ್ಟೆವು.

ಆಮೇಲೆ ಅಜ್ಜಿಯ ಸರದಿ. ಅಮ್ಮನ ಅಮ್ಮ, ನಾನು ಕಣ್ಣಾರೆ ಕಾಣದವಳು. ಆಕೆಯದಿದ್ದುದು ಒಂದೇ ಪಟ. ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತಂದೆ. ಚಿತ್ರ ಚಿಕ್ಕದು. 'ಟೈಲ್' ಎಂದು ಒತ್ತಿದರೆ ತೆರೆಯ ತುಂಬ 16 ಮಂದಿ ಅಜ್ಜಿಯರು! 'ಸ್ಟ್ರೆಚ್' ಎಂದರೆ ಅಜ್ಜಿ ಊದಿಕೊಂಡಳು. ಕೊನೆಗೆ 'ಸೆಂಟರ್' ಆರಿಸಿ, ಸುತ್ತಲೂ ಕುಂಕುಮದ ಬಣ್ಣ ಕೊಟ್ಟೆ. ಅಂದಿನಿಂದ ಅಮ್ಮ ಬೆಳಿಗ್ಗೆ ದೇವರ ದೀಪ ಹಚ್ಚಿ, ಬಳಿಕ ಕಂಪ್ಯೂಟರನ್ನೂ ಹಚ್ಚುವಳು.

2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ, ಸೂರತ್ತಿನ ಬಹುಭಾಗ ಮುಳುಗಿತು. ಮೇಲಿನ ಮನೆಯ ಗುಜರಾತಿ ಕುಟುಂಬದವರು ನಮ್ಮನ್ನು ಕರೆದುಕೊಂಡು, ತಮ್ಮ ಖಿಚಡಿಯಲ್ಲಿ ಪಾಲು ಕೊಟ್ಟರು. ನೀರಿಳಿದ ಮೇಲೆ ನೋಡಿದರೆ ಕಂಪ್ಯೂಟರಿನೊಳಗೆ ಕೆಸರು. ಆಲ್ಬಮ್ಮಿನ ಪಟಗಳು ಒಂದಕ್ಕೊಂದು ಅಂಟಿ ಅಳಿಸಿಹೋಗಿದ್ದವು. ಫ್ಲಾಪಿಯೊಂದು ಮೇಲಿನ ಗೂಡಿನಲ್ಲಿ ಉಳಿದಿತ್ತು. ಆದರೆ ಅದರಲ್ಲಿ ಅಜ್ಜಿಯನ್ನು ಅಳಿಸಿ ನಾನು ಆಟವೊಂದನ್ನು ತುಂಬಿಕೊಂಡಿದ್ದೆ.

ಅಮ್ಮ ಬೈಯಲಿಲ್ಲ. "ಹದಿನಾರು ಮಂದಿ ಇದ್ದರಲ್ಲೋ, ಒಬ್ಬಳೂ ಉಳಿಯಲಿಲ್ಲವೇ?" ಎಂದಳು, ಅಷ್ಟೆ.

ಈಗ ಅಹಮದಾಬಾದಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿಯೂ 'ನಮ್ಮ ಮನೆ' ಎಂದೇ ಬರೆದಿದ್ದೇನೆ. ಗುಜರಾತಿ ಶಾಲೆಗೆ ಹೋಗುವ ಮಗಳು ತಾನಾಗಿ ಓದಿದ ಮೊದಲ ಕನ್ನಡ ಅದು. ಅಜ್ಜಿಯ ಮುಖವನ್ನು ಮಾತ್ರ ಅವಳಿಗೆ ತೋರಿಸಲಾರೆ.

ವಾಚಕ ಬಂಧುಗಳೇ, ವಡೋದರೆಯಲ್ಲಿಯೋ ಸೂರತ್ತಿನಲ್ಲಿಯೋ ನಿಮ್ಮ ಅಟ್ಟದ ಮೇಲೆ ಹಳೆಯ ಕಂಪ್ಯೂಟರಿದ್ದರೆ, ಗುಜರಿಯವನಿಗೆ ತೂಗಿ ಕೊಡುವ ಮುನ್ನ ಒಮ್ಮೆ ಹಚ್ಚಿ ನೋಡಿರಿ. ತೆರೆಯ ಮೇಲೆ ನಿಮ್ಮವರು ಯಾರಾದರೂ ಇರಬಹುದು.