ಸೂರಿನಡಿಯ ಬಾನಿ, ಶ್ರಾವಕನ ಮಿತಿ

ಆಷಾಢ ಶುಕ್ಲ ಚತುರ್ದಶಿಯಂದು ದಿಗಂಬರ ಮುನಿಗಳು ವರ್ಷಾಯೋಗವನ್ನು ಧರಿಸುತ್ತಾರೆ. ಅಂದಿನಿಂದ ನಾಲ್ಕು ತಿಂಗಳು ಅವರ ವಿಹಾರ ನಿಲ್ಲುತ್ತದೆ. ಮಳೆ ಬಿದ್ದ ನೆಲದಲ್ಲಿ ಹುಲ್ಲು ಚಿಗುರುತ್ತದೆ, ಪಾಚಿ ಹಬ್ಬುತ್ತದೆ, ಎರೆಹುಳು ಮಣ್ಣಿನಿಂದ ಹೊರಬರುತ್ತದೆ. ಕಣ್ಣಿಗೆ ಕಾಣುವ ಮತ್ತು ಕಾಣದ ಅಸಂಖ್ಯ ಜೀವಗಳು ದಾರಿಯ ತುಂಬ ತುಂಬಿಕೊಳ್ಳುತ್ತವೆ. ಹೆಜ್ಜೆಯಿಟ್ಟಲ್ಲೆಲ್ಲ ಹಿಂಸೆಯ ಸಂಭವವಿರುವ ಈ ಕಾಲದಲ್ಲಿ ನಡೆಯದಿರುವುದೇ ಮುನಿಯ ದಯೆ.

ಗೃಹಸ್ಥನಿಗೆ ಹಾಗೆ ನಿಲ್ಲಲು ಬಾರದು. ಅವನು ಅಡುಗೆ ಮಾಡಬೇಕು, ಬಟ್ಟೆ ಒಗೆಯಬೇಕು, ಅಂಗಳದ ತುಳಸಿಗೂ ಮಲ್ಲಿಗೆಗೂ ನೀರೆರೆಯಬೇಕು. ಈ ಎಲ್ಲದರಲ್ಲಿಯೂ ಆರಂಭಜನ್ಯ ಹಿಂಸೆ ಇದ್ದೇ ಇದೆ. ಅದನ್ನು ಪೂರ್ಣವಾಗಿ ಬಿಡಲಾಗದವನು ಅದಕ್ಕೊಂದು ಮಿತಿಯನ್ನು ಹಾಕಿಕೊಳ್ಳಲಿ ಎಂಬುದೇ ಶ್ರಾವಕಾಚಾರದ ಆಶಯ. ಇಂದು ಅನೇಕ ಮನೆಗಳ ಸೂರಿನಡಿಯಲ್ಲಿ, ಮಳೆನೀರಿನ ಕೊಳವೆಯ ಕೆಳಗೆ, ಚೆಂದದ ಬಣ್ಣದ ಪೀಪಾಯಿಯೋ ಮಣ್ಣಿನ ದೊಡ್ಡ ಬಾನಿಯೋ ಕಾಣಿಸುತ್ತಿದೆ. ಕೈತೋಟಕ್ಕೆಂದು ಹಿಡಿದಿಡುವ ಆ ನೀರನ್ನು ಜಿನಧರ್ಮದ ಬೆಳಕಿನಲ್ಲಿ ನೋಡಿದರೆ ಅದು ಕೇವಲ ಉಳಿತಾಯದ ಉಪಾಯವಲ್ಲ. ಮಿತಿಯನ್ನೂ ಎಚ್ಚರವನ್ನೂ ದಿನದಿನವೂ ಅಭ್ಯಾಸ ಮಾಡುವ ಒಂದು ಸಾಧನವೂ ಹೌದು.

ಜೈನ ದರ್ಶನದಲ್ಲಿ ನೀರು ಜಡವಸ್ತುವಲ್ಲ. ಪೃಥ್ವಿ, ಅಪ್, ತೇಜಸ್ಸು, ವಾಯು, ವನಸ್ಪತಿ ಎಂಬ ಐದು ಬಗೆಯ ಸ್ಥಾವರ ಜೀವಗಳಲ್ಲಿ ಅಪ್ಕಾಯವೂ ಒಂದು. ನೀರಿನಲ್ಲಿ ಓಡಾಡುವ ಹುಳುಗಳು ಬೇರೆ; ನೀರನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಜೀವಗಳು ಬೇರೆ. ಮೊದಲಿನವು ತ್ರಸ ಜೀವಗಳು. ಅಣುವ್ರತಿಯಾದ ಶ್ರಾವಕನು ಸಂಕಲ್ಪಪೂರ್ವಕವಾಗಿ ಅವುಗಳ ಘಾತವನ್ನು ಮಾಡುವಂತಿಲ್ಲ. ಎರಡನೆಯವುಗಳ ವಿಷಯದಲ್ಲಿ ಅವನಿಗೆ ಪೂರ್ಣ ತ್ಯಾಗ ಸಾಧ್ಯವಿಲ್ಲ. ಆದರೆ ನಿಷ್ಪ್ರಯೋಜನವಾದ ಘಾತವನ್ನು ಅವನು ಬಿಡಬಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ವಿಂಗಡಿಸಿ, ಅವುಗಳಲ್ಲಿ ಪ್ರಮಾದಚರ್ಯೆಯನ್ನೂ ಹೇಳಿದ್ದಾರೆ. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಬಳ್ಳಿಗಳನ್ನು ಕೀಳುವುದು, ಸುಮ್ಮನೆ ಅಲೆಯುವುದು ಇವೆಲ್ಲ ಅದರೊಳಗೆ ಬರುತ್ತವೆ. ನಲ್ಲಿಯನ್ನು ತಿರುಗಿಸಿಟ್ಟು ಮಾತಿನಲ್ಲಿ ಮೈಮರೆಯುವುದೂ ಕೊಳವೆಯಿಂದ ಅಂಗಳದ ಕಲ್ಲಿಗೆ ಗಂಟೆಗಟ್ಟಲೆ ನೀರು ಹಾಯಿಸುವುದೂ ಈ ಲಕ್ಷಣಕ್ಕೆ ಹೊರತಲ್ಲ.

ತೋಟಕ್ಕೆ ನೀರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ‘ಗೊಮ್ಮಟಸಾರ’ದ ಲೇಶ್ಯಾ ಪ್ರಕರಣ ಒಂದು ದಾರಿಯನ್ನು ತೋರಿಸುತ್ತದೆ. ಅಲ್ಲಿ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಕಾಡಿನಲ್ಲಿ ದಾರಿ ತಪ್ಪಿದ ಆರು ಮಂದಿ ಪಯಣಿಗರ ದೃಷ್ಟಾಂತವನ್ನು ಕೊಡುತ್ತಾರೆ. ಹಣ್ಣು ತುಂಬಿದ ಮರವೊಂದು ಅವರ ಕಣ್ಣಿಗೆ ಬೀಳುತ್ತದೆ. ಮರವನ್ನು ಬೇರುಸಹಿತ ಕಿತ್ತು ತಿನ್ನೋಣ ಎಂದು ಒಬ್ಬನು ಯೋಚಿಸುತ್ತಾನೆ. ಕಾಂಡವನ್ನು ಕಡಿದರೆ ಸಾಕು ಎಂದು ಎರಡನೆಯವನಿಗೆ, ದೊಡ್ಡ ಕೊಂಬೆ ಸಾಕು ಎಂದು ಮೂರನೆಯವನಿಗೆ, ಸಣ್ಣ ರೆಂಬೆ ಸಾಕು ಎಂದು ನಾಲ್ಕನೆಯವನಿಗೆ ಅನ್ನಿಸುತ್ತದೆ. ಐದನೆಯವನು ಹಣ್ಣನ್ನಷ್ಟೇ ಕೊಯ್ಯಬಯಸುತ್ತಾನೆ. ಆರನೆಯವನು ತಾನಾಗಿ ನೆಲಕ್ಕೆ ಉದುರಿದ ಹಣ್ಣುಗಳನ್ನು ಆಯ್ದುಕೊಳ್ಳಬಯಸುತ್ತಾನೆ. ಆರೂ ಮಂದಿಯ ಹಸಿವು ಒಂದೇ, ಹಣ್ಣೂ ಒಂದೇ. ಭಾವವೊಂದೇ ಬೇರೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ದೂರವೆಲ್ಲ ಆ ಭಾವದಲ್ಲಿಯೇ ಇದೆ.

ಈ ದೃಷ್ಟಾಂತವನ್ನು ನೀರಿಗೆ ಅನ್ವಯಿಸಿ ನೋಡಬಹುದು. ಬೆಂಗಳೂರಿನ ಮನೆಯ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಯಂತ್ರಗಳ ಬಲದಿಂದ, ಏರುನೆಲದತ್ತ ಹರಿದು ಬರಬೇಕು. ಕೊಳವೆಬಾವಿಯ ನೀರಿಗಾಗಿ ನೂರಾರು ಅಡಿ ಭೂಮಿಯನ್ನು ಕೊರೆಯಬೇಕು. ಕುಡಿಯುವುದಕ್ಕೆಂದು ಇಷ್ಟು ಶ್ರಮಪಟ್ಟು ತಂದ ನೀರನ್ನು ಹೂವಿನ ಕುಂಡಕ್ಕೆ ಸುರಿಯುವುದು ಕೊಂಬೆಯನ್ನೇ ಕಡಿದು ಹಣ್ಣು ತಿಂದಂತೆ. ತನ್ನ ಮಾಡಿನ ಮೇಲೆ ತಾನಾಗಿ ಬಿದ್ದು ಚರಂಡಿಗೆ ಓಡುವ ಮಳೆಯನ್ನು ಬಾನಿಯಲ್ಲಿ ಹಿಡಿದುಕೊಂಡವನಾದರೋ ನೆಲದ ಮೇಲಿನ ಹಣ್ಣನ್ನು ಆಯ್ದುಕೊಂಡವನು. ಅಲ್ಲಿಯೂ ಅಪ್ಕಾಯದ ಬಳಕೆ ಇದೆ. ಆದರೆ ಬೇಡಿಕೆಯ ಉಗ್ರತೆ ಇಲ್ಲ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನೀರಿನ ಅಭಾವ ತೀವ್ರವಾದಾಗ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ಜಲಮಂಡಳಿ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಅನರ್ಥದಂಡ ವಿರತಿಯನ್ನು ತಾನಾಗಿ ಪಾಲಿಸುವವನಿಗೆ ಇಂತಹ ಆಜ್ಞೆಗಾಗಿ ಕಾಯಬೇಕಾಗಿಲ್ಲ.

ಬಾನಿಯ ಎರಡನೆಯ ಪಾಠ ಪರಿಮಾಣದ್ದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಸುರಿದರೆ 1,000 ಲೀಟರ್. ಆವಿಯಾಗಿ, ಚಿಮ್ಮಿ ಹೋದದ್ದನ್ನು ಕಳೆದರೂ ಬಹುಭಾಗ ಕೊಳವೆಗೆ ಇಳಿಯುತ್ತದೆ. ಸಾಮಾನ್ಯವಾಗಿ ದೊರೆಯುವ ಪೀಪಾಯಿ ಹಿಡಿಯುವುದು 200 ಲೀಟರ್ ಮಾತ್ರ. ಹೀಗಾಗಿ ಜೋರು ಮಳೆಯ ಮೊದಲ ಭಾಗಕ್ಕೇ ಅದು ತುಂಬಿಬಿಡುತ್ತದೆ. ಉಳಿದದ್ದು ಹೊರಗೆ ಹರಿಯಲೇಬೇಕು. ಪೀಪಾಯಿಯ ಮೇಲ್ಭಾಗದಲ್ಲಿ ಹೆಚ್ಚಿನ ನೀರು ಹೋಗಲು ಒಂದು ರಂಧ್ರವಿಲ್ಲದಿದ್ದರೆ ಆ ನೀರು ಗೋಡೆಯ ಬುಡಕ್ಕೆ ಇಳಿದು ಅಡಿಪಾಯವನ್ನೇ ನೆನೆಸುತ್ತದೆ. ರಂಧ್ರಕ್ಕೆ ಕೊಳವೆ ಜೋಡಿಸಿ ಇಂಗುಗುಂಡಿಗೆ ಬಿಟ್ಟರೆ ಅದೇ ನೀರು ಭೂಮಿಗೆ ಸೇರಿ ನೆರೆಮನೆಯ ಬಾವಿಗೂ ಆಧಾರವಾದೀತು.

ಪರಿಗ್ರಹ ಪರಿಮಾಣ ವ್ರತದ ಸ್ವರೂಪವೂ ಹೀಗೆಯೇ. ಮೊದಲು ತನ್ನ ಅಗತ್ಯವನ್ನು ಅಳೆದು ಒಂದು ಮೇರೆಯನ್ನು ಹಾಕಿಕೊಳ್ಳುವುದು, ಆ ಮೇರೆಯನ್ನು ಮೀರಿ ಬಂದುದರ ಮೇಲೆ ‘ನನ್ನದು’ ಎಂಬ ಮಮತೆಯನ್ನು ಬಿಡುವುದು. ಹತ್ತು ಕುಂಡಗಳಿರುವ ಮನೆಗೆ ಒಂದು ಪೀಪಾಯಿ ಸಾಕು. ಆಕಾಶದಿಂದ ಬಿಟ್ಟಿಯಾಗಿ ಬರುತ್ತದೆಯೆಂದು ಅಂಗಳದ ತುಂಬ ಪೀಪಾಯಿಗಳನ್ನು ಸಾಲಾಗಿ ನಿಲ್ಲಿಸಿದರೆ ಅದು ಜಲದ ಹೆಸರಿನಲ್ಲಿ ಬೆಳೆದ ಲೋಭವೇ ಆದೀತು. ಉಚಿತವಾದುದರಲ್ಲಿಯೂ ಮಿತಿಯನ್ನು ಕಾಣಬಲ್ಲವನ ವ್ರತ ಗಟ್ಟಿಯಾದುದು.

ಆದರೆ ಹಿಡಿದಿಟ್ಟ ನೀರಿನಲ್ಲಿ ಒಂದು ಧರ್ಮಸಂಕಟವೂ ಅಡಗಿದೆ. ನಿಂತ ನೀರು ಜೀವೋತ್ಪತ್ತಿಯ ತಾಣ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಕೊಳಚೆಯನ್ನು ಹುಡುಕುವುದಿಲ್ಲ. ಮನೆಯವರು ಶೇಖರಿಸಿಟ್ಟ ತಿಳಿನೀರಿನ ಅಂಚಿನಲ್ಲಿಯೇ ಮೊಟ್ಟೆಯಿಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಒಂದು ವಾರದಿಂದ ಹತ್ತು ದಿನಗಳೊಳಗೆ ಆ ಮೊಟ್ಟೆ ಹಾರುವ ಸೊಳ್ಳೆಯಾಗುತ್ತದೆ. ಮುಚ್ಚಳವಿಲ್ಲದೆ ಬಿಟ್ಟ ಬಾನಿಯಲ್ಲಿ ಮರಿಗಳು ಒಮ್ಮೆ ತುಂಬಿದ ಮೇಲೆ ಶ್ರಾವಕನ ಮುಂದೆ ಉಳಿಯುವ ದಾರಿಗಳೆಲ್ಲ ಕಷ್ಟದವೇ. ಔಷಧವನ್ನೋ ಎಣ್ಣೆಯನ್ನೋ ಸುರಿದರೆ ತ್ರಸ ಜೀವಗಳ ನೇರ ಘಾತ. ಗಪ್ಪಿ ಮೀನನ್ನು ಬಿಟ್ಟರೆ ಒಂದು ಜೀವವನ್ನು ಇನ್ನೊಂದರ ಬಾಯಿಗೆ ತಾನೇ ಒಡ್ಡಿದಂತೆ. ನೀರನ್ನು ಬಿಸಿಲಿನ ನೆಲಕ್ಕೆ ಚೆಲ್ಲಿದರೆ ಅವು ಒಣಗಿ ಸಾಯುತ್ತವೆ. ಹಾಗೆಯೇ ಬಿಟ್ಟರೆ ನೆರೆಮನೆಯ ಮಗು ಜ್ವರದಿಂದ ನರಳಬಹುದು. ಊರಿನ ಆರೋಗ್ಯವನ್ನು ಕಾಯುವವರು ತಮಗೆ ತೋರಿದ ಉಪಾಯವನ್ನು ಮಾಡುತ್ತಾರೆ. ಅದರಲ್ಲಿ ಅವರನ್ನು ದೂರುವಂತಿಲ್ಲ. ಆ ಸ್ಥಿತಿಯನ್ನು ತಂದಿಟ್ಟ ಪ್ರಮಾದ ಮಾತ್ರ ಮನೆಯವನದೇ.

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವೂ ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವೂ ತಿಳಿಸುವುದರ ಅರ್ಥ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಕೊಲ್ಲುವ ಕ್ಷಣ ಬರುವುದಕ್ಕಿಂತ ಬಹಳ ಮೊದಲೇ, ಮುಚ್ಚಳವನ್ನು ಮರೆತ ದಿನವೇ, ಹಿಂಸೆಯ ಬೀಜ ಬಿದ್ದಿರುತ್ತದೆ. ಆದುದರಿಂದ ಅಹಿಂಸೆಯೂ ಅಷ್ಟೇ ಮೊದಲು ಆರಂಭವಾಗಬೇಕು. ಬಾನಿಯ ಬಾಯಿಗೂ ನೀರು ಹೊರಹೋಗುವ ರಂಧ್ರಕ್ಕೂ ಸೊಳ್ಳೆ ನುಸುಳದಷ್ಟು ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಬೇಕು. ಅದರ ಮೇಲೆ ಭದ್ರವಾದ ಮುಚ್ಚಳವಿರಬೇಕು. ಅಳಿಲೋ ಹಕ್ಕಿಯೋ ಒಳಗೆ ಬಿದ್ದು ಸಾಯದಂತೆ, ಮಕ್ಕಳು ಬಗ್ಗಿ ಅಪಾಯಕ್ಕೆ ಸಿಲುಕದಂತೆ ಅದೇ ಮುಚ್ಚಳ ಕಾಯುತ್ತದೆ. ತುಂಬಿದ ಪೀಪಾಯಿಯಲ್ಲಿ ನೀರಿನ ತೂಕವೇ 200 ಕಿಲೋಗ್ರಾಂ ಆಗುವುದರಿಂದ ಅದನ್ನಿಡುವ ಕಟ್ಟೆ ಗಟ್ಟಿಯಾಗಿರಬೇಕು. ಬಹಳ ದಿನದ ಬಿಸಿಲಿನ ನಂತರದ ಮೊದಲ ಮಳೆ ಮಾಡಿನ ಧೂಳನ್ನೂ ಹಕ್ಕಿಗಳ ಹಿಕ್ಕೆಯನ್ನೂ ತೊಳೆದು ತರುವುದರಿಂದ ಅದನ್ನು ಹೊರಗೆ ಬಿಟ್ಟು, ಆಮೇಲೆ ಹಿಡಿಯಬೇಕು. ಹಿಡಿದ ನೀರನ್ನು ವಾರದೊಳಗೆ ಗಿಡಗಳಿಗೆ ಎರೆದು ಮುಗಿಸಬೇಕು. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ನಡೆಯಬೇಕೆಂಬ ಆದಾನ-ನಿಕ್ಷೇಪಣ ಸಮಿತಿ ಮುನಿಗಳಿಗೆ ವಿಹಿತವಾದುದು. ಬಾನಿಯ ಮುಚ್ಚಳವನ್ನು ಎತ್ತುವ ಗೃಹಸ್ಥನಿಗೂ ಅದರ ಒಂದಂಶ ದಕ್ಕಲಿ.

ಇಂತಹ ಎಚ್ಚರ ಜೈನ ಮನೆಗಳಿಗೆ ಹೊಸತಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರ ಧರ್ಮಾಮೃತ’ದಲ್ಲಿ ಮೂಲಗುಣಗಳನ್ನು ಹೇಳುವಾಗ ಜೀವದಯೆಯ ಜೊತೆಗೆ ಜಲಗಾಲನವನ್ನೂ ಸೇರಿಸಿದ್ದಾರೆ. ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸುವುದರೊಂದಿಗೆ ಆ ಕ್ರಿಯೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಅವು ಬಂದ ಬಾವಿಗೋ ಕೆರೆಗೋ ಮರಳಿ ಸೇರಿಸಬೇಕು. ತನ್ನ ಶುದ್ಧಿಗಾಗಿ ಸೋಸುವುದು ಅರ್ಧ. ಅವುಗಳ ನೆಲೆಗೆ ಅವುಗಳನ್ನು ತಲುಪಿಸುವುದು ಉಳಿದರ್ಧ. ಅಹಮದಾಬಾದಿನ ಹಳೆಯ ಪೋಳ್‌ಗಳಲ್ಲಿ, ಜೈನರೂ ಇತರರೂ ಬಾಳಿದ ಮನೆಗಳ ಅಂಗಳದಡಿಯಲ್ಲಿ, ಮಳೆನೀರಿನ ಟಾಂಕಾಗಳಿವೆ. ಮಾಡಿನ ನೀರನ್ನು ನೆಲದೊಳಗಿನ ಆ ತೊಟ್ಟಿಗೆ ಇಳಿಸಿ ಬೆಳಕು ತಾಗದಂತೆ ಮುಚ್ಚಿಡುತ್ತಿದ್ದ ಆ ಪದ್ಧತಿಯಲ್ಲಿಯೂ ಕಾಪಿಡುವ ಜಾಣ್ಮೆಯೇ ಮುಖ್ಯವಾಗಿತ್ತು.

ಬಾನಿಯ ಅಂದದ ಮಾತೂ ಇಲ್ಲಿ ಉಳಿದಿದೆ. ಮನೆಯ ಮುಂದೆ ನಿಲ್ಲುವ ಪಾತ್ರೆ ಚೆಂದವಾಗಿರಲಿ ಎಂದು ಬಯಸುವುದು ದೋಷವಲ್ಲ. ಕಲಶವು ಅಷ್ಟಮಂಗಲಗಳಲ್ಲಿ ಸೇರಿದೆ. ಹತ್ತೊಂಬತ್ತನೆಯ ತೀರ್ಥಂಕರ ಮಲ್ಲಿನಾಥರ ಲಾಂಛನವೂ ಕಲಶವೇ. ಆದರೆ ಪಾತ್ರೆಯ ಬೆಡಗಿಗಿಂತ ಅದನ್ನು ಹಿಡಿದ ಭಾವ ದೊಡ್ಡದೆಂಬುದನ್ನು ಶ್ರವಣಬೆಳಗೊಳದ ಐತಿಹ್ಯ ಮರೆಯಗೊಡುವುದಿಲ್ಲ. ನೇಮಿಚಂದ್ರಾಚಾರ್ಯರನ್ನು ಗುರುವಾಗಿ ಪಡೆದಿದ್ದ ಚಾವುಂಡರಾಯನು ಬಾಹುಬಲಿ ಮೂರ್ತಿಯನ್ನು ನಿಲ್ಲಿಸಿ ವೈಭವದಿಂದ ಅಭಿಷೇಕ ಮಾಡಿಸಿದಾಗ, ಕೊಡ ಕೊಡ ಹಾಲು ಸುರಿದರೂ ಅದು ಸ್ವಾಮಿಯ ನಾಭಿಯಿಂದ ಕೆಳಗಿಳಿಯಲಿಲ್ಲವಂತೆ. ಆಗ ಒಬ್ಬ ಬಡ ಮುದುಕಿ ಗುಳ್ಳದ ಕಾಯಿಯ ಸಿಪ್ಪೆಯಲ್ಲಿ ತಂದ ತುಸು ಹಾಲು ಮೂರ್ತಿಯನ್ನೆಲ್ಲ ತೋಯಿಸಿ, ಬೆಟ್ಟದಿಂದಿಳಿದು ಬಿಳಿಯ ಕೊಳವಾಯಿತೆಂದು ನಂಬುಗೆ. ಆ ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ವಿಂಧ್ಯಗಿರಿಯ ಮೇಲೆ ಸ್ವಾಮಿಯತ್ತ ಮುಖಮಾಡಿ ನಿಂತಿದೆ. ಬಳ್ಳಿಹೂಗಳ ಚಿತ್ತಾರವುಳ್ಳ ದುಬಾರಿ ಪೀಪಾಯಿ ಬೇಸಗೆಯುದ್ದಕ್ಕೂ ಮಳೆಗಾಲದುದ್ದಕ್ಕೂ ಒಣಗಿಯೇ ನಿಂತರೆ ಅದು ಮಾನಕಷಾಯದ ಕಲಶ. ಹಿತ್ತಿಲಲ್ಲಿದ್ದ ಹಳೆಯ ಹಂಡೆಯನ್ನು ತೊಳೆದು ಬಲೆ ಕಟ್ಟಿ ಸೂರಿನಡಿಗಿಟ್ಟರೆ, ಹೊಸ ವಸ್ತುವಿನ ಪರಿಗ್ರಹವೂ ತಪ್ಪಿತು, ಗಿಡದ ದಾಹವೂ ತಣಿಯಿತು.

ಬೆಳಗೊಳದಲ್ಲಿಯೇ ಜಕ್ಕಿಕಟ್ಟೆ ಎಂಬ ಸಣ್ಣ ಕೆರೆಯಿದೆ. ಹೊಯ್ಸಳ ದಂಡನಾಯಕ ಗಂಗರಾಜನ ಅತ್ತಿಗೆ ಜಕ್ಕಿಮಬ್ಬೆಯ ಹೆಸರನ್ನು ಅದು ಶತಮಾನಗಳಿಂದ ಹೊತ್ತುಕೊಂಡಿದೆ. ಬಸದಿಯನ್ನು ಕಟ್ಟಿಸಿದಷ್ಟೇ ಪುಣ್ಯಕರವೆಂದು ಕೆರೆಯನ್ನು ಕಟ್ಟಿಸಿದವರ ಪರಂಪರೆ ಈ ನಾಡಿನದು. ಎಲ್ಲರಿಗೂ ಕೆರೆಯನ್ನು ಕಟ್ಟಿಸುವ ಶಕ್ತಿಯಿಲ್ಲ. ಮಾಡಿನಷ್ಟು ಮಳೆಯನ್ನು ಹಿಡಿದು, ಬಾನಿಯಷ್ಟನ್ನು ಉಳಿಸಿಕೊಂಡು, ಹೆಚ್ಚಿನದನ್ನು ನೆಲಕ್ಕೆ ಒಪ್ಪಿಸುವ ಶಕ್ತಿ ಬಹುಮಂದಿಗೆ ಇದೆ.

ಮುನಿಗಳು ವರ್ಷಾಯೋಗದಲ್ಲಿ ನಿಂತಿರುವ ಈ ನಾಲ್ಕು ತಿಂಗಳಲ್ಲಿ ಶ್ರಾವಕ-ಶ್ರಾವಿಕೆಯರು ಭೋಗೋಪಭೋಗಗಳಿಗೆ ಮಿತಿ ಹಾಕಿಕೊಂಡು ಸಣ್ಣಪುಟ್ಟ ನಿಯಮಗಳನ್ನು ಹಿಡಿಯುವ ರೂಢಿಯಿದೆ. ಚಾತುರ್ಮಾಸ್ಯ ಮುಗಿಯುವವರೆಗೆ ಕೈತೋಟಕ್ಕೆ ಕುಡಿಯುವ ನೀರನ್ನು ಬಳಸುವುದಿಲ್ಲ, ಹಿಡಿದಿಟ್ಟ ನೀರನ್ನು ಒಂದು ದಿನವೂ ತೆರೆದಿಡುವುದಿಲ್ಲ ಎಂಬೆರಡನ್ನೂ ಆ ನಿಯಮಗಳ ಸಾಲಿಗೆ ಸೇರಿಸಿಕೊಳ್ಳಬಹುದು. ಮೊದಲನೆಯದು ಲೋಭವನ್ನು ತಗ್ಗಿಸುತ್ತದೆ, ಎರಡನೆಯದು ಪ್ರಮಾದವನ್ನು. ಸಂಜೆ ದೀಪ ಹಚ್ಚುವ ಮುನ್ನ ಬಾನಿಯ ಬಲೆಯನ್ನೊಮ್ಮೆ ನೋಡಿ ಬರುವುದಕ್ಕೆ ಎರಡು ನಿಮಿಷವೂ ಬೇಡ.