ಉಸ್ಮಾನ್ ಸಾಗರವನ್ನು ಕಾಯುವ ಬದುಗಳು

ರೋಹಿಣಿ ಮಳೆ ಬೀಳುವ ಮೊದಲು ಹೊಲದ ಬದು ಗಟ್ಟಿಯಾಗಿರಬೇಕು, ಹಳ್ಳದ ಒಡ್ಡಿನ ಹಿಂದೆ ತುಂಬಿದ ಹೂಳು ಹೊರಬಿದ್ದಿರಬೇಕು, ಕೊಚ್ಚಿಹೋದ ಕಲ್ಲುಗಳು ಮತ್ತೆ ತಮ್ಮ ಜಾಗಕ್ಕೆ ಬಂದಿರಬೇಕು. ಹೈದರಾಬಾದಿನ ಪಶ್ಚಿಮಕ್ಕೆ, ಶಂಕರಪಲ್ಲಿ ಕಡೆಯ ಹೊಲಗಳಲ್ಲಿ ನಮ್ಮ ಬೇಸಿಗೆಯೆಲ್ಲ ಈ ಮೂರು ಕೆಲಸಗಳಲ್ಲೇ ಕಳೆಯುತ್ತದೆ. ನನ್ನ ಊರು ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನದು, ಮನೆ ಪಟಾನ್‌ಚೆರುವಿನಲ್ಲಿ. ಬದು ಹಾಕುವ ಕೂಲಿಯವರ ಜೊತೆ ನಿಂತು ಮಟ್ಟ ನೋಡುವುದು, ಗೆರೆ ಎಳೆದುಕೊಡುವುದು, ಮಳೆಗಾಲದಲ್ಲಿ ಹಳ್ಳದ ಹರಿವು ಅಳೆಯುವುದು ನನ್ನ ಉದ್ಯೋಗ. ಈ ಸೀಮೆಯಲ್ಲಿ ಬಿದ್ದ ಮಳೆ ಮೂಸಿ ನದಿಗೆ ಇಳಿದು ಉಸ್ಮಾನ್ ಸಾಗರ ಸೇರುತ್ತದೆ. ಜನ ಗಂಡಿಪೇಟೆ ಕೆರೆ ಎಂದು ಕರೆಯುವ ಈ ಜಲಾಶಯ 1920ರಿಂದ ಹೈದರಾಬಾದಿನ ಬಾಯಾರಿಕೆ ತಣಿಸುತ್ತ ಬಂದಿದೆ.

ಕುಡಿಯುವ ನೀರಿನ ರಕ್ಷಣೆ ಎಂದಾಗ ನಗರದವರಿಗೆ ಅಣೆಕಟ್ಟಿನ ಗೇಟು, ಶುದ್ಧೀಕರಣ ಘಟಕ, ಕ್ಲೋರಿನ್ ನೆನಪಾಗುತ್ತವೆ. ಅವೆಲ್ಲ ಬೇಕು. ಆದರೆ ಕೆರೆಗೆ ಎಂಥ ನೀರು ಬರುತ್ತದೆ, ಎಷ್ಟು ಮಣ್ಣು ಹೊತ್ತು ಬರುತ್ತದೆ, ಒಮ್ಮೆಗೇ ನುಗ್ಗುತ್ತದೋ ತಿಂಗಳುಗಟ್ಟಲೆ ಜಿನುಗುತ್ತದೋ ಎಂಬುದು ತೀರ್ಮಾನವಾಗುವುದು ಮೇಲಿನ ಹೊಲಗಳಲ್ಲಿ. ಆ ಹೊಲಗಳ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಅದು ವರ್ಷ ವರ್ಷವೂ ಆಗಬೇಕು, ಅದಕ್ಕೆ ವರ್ಷ ವರ್ಷವೂ ಹಣ ಸಿಗಬೇಕು. ನಾನು ಹೇಳಬೇಕೆಂದಿರುವ ಮಾತು ಇಷ್ಟೇ.

ಬಾವಿ ಕಳೆದುಕೊಂಡ ಊರು

ಈ ಮಾತಿನ ಬೆಲೆ ನನಗೆ ತಿಳಿದದ್ದು ಪಟಾನ್‌ಚೆರುವಿನಲ್ಲಿ ಬದುಕಿ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಬರುವ ಪೊಟ್ಟಳಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಇಮ್ಮಡಿ ಜಯಸಿಂಹನ ನೆಲೆವೀಡಾಗಿದ್ದ ಊರಿದು. 1970ರ ದಶಕದಲ್ಲಿ ಇಲ್ಲಿ ಕೈಗಾರಿಕಾ ವಸಾಹತುಗಳು ತಲೆಯೆತ್ತಿದವು. ಔಷಧ, ರಾಸಾಯನಿಕ, ಬಣ್ಣದ ಕಾರ್ಖಾನೆಗಳ ಕೊಳಚೆ ನಕ್ಕವಾಗು ಎಂಬ ಹಳ್ಳಕ್ಕೆ ಇಳಿಯಿತು, ಹಳ್ಳದಿಂದ ಸುತ್ತಲಿನ ಕೆರೆ, ಬಾವಿಗಳಿಗೆ ಹರಡಿತು. 1990ರಲ್ಲಿ ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಊರಿನ ವೈದ್ಯ ಡಾ. ಕಿಷನ್ ರಾವ್ ಈ ಮಾಲಿನ್ಯದ ವಿರುದ್ಧ ದಶಕಗಳ ಕಾಲ ಹೋರಾಡಿದರು. 2007ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಸ್ವೀಡನ್ನಿನ ಸಂಶೋಧಕರು ಇಲ್ಲಿನ ಸಾಮೂಹಿಕ ಸಂಸ್ಕರಣಾ ಘಟಕದಿಂದ ಹೊರಬಿದ್ದ, ಸಂಸ್ಕರಿಸಿದ್ದು ಎನ್ನಲಾದ ನೀರನ್ನು ಪರೀಕ್ಷಿಸಿದಾಗ, ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಸಿಕ್ಕಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚಿನ ಪ್ರಮಾಣ ಅದು.

ಬಾವಿಯ ನೀರು ಕುಡಿಯಲು ಬಾರದಂತಾದ ಹಳ್ಳಿಗಳಿಗೆ ಹೊರಗಿನಿಂದ ಕೊಳವೆ ಎಳೆದು ನೀರು ಕೊಡಬೇಕಾಯಿತು. ಹೊಲದ ಮಣ್ಣು ಕೊಚ್ಚಿಹೋದರೆ ಬದು ಹಾಕಿ ನಿಲ್ಲಿಸಬಹುದು. ಅಂತರ್ಜಲಕ್ಕೆ ಸೇರಿದ ವಿಷವನ್ನು ಸನಿಕೆ ಹಿಡಿದು ತೆಗೆಯಲಾಗದು. ಆದ್ದರಿಂದ ಇನ್ನೂ ಕೆಡದ ಸೀಮೆಯನ್ನು ಕೆಡುವ ಮೊದಲೇ ಕಾಯಬೇಕು.

788 ಕೆರೆಗಳ ಲೆಕ್ಕ

ಉಸ್ಮಾನ್ ಸಾಗರ ಹುಟ್ಟಿದ್ದು ಒಂದು ದುರಂತದಿಂದ. 1908ರ ಸೆಪ್ಟೆಂಬರ್ 28ರಂದು, ಹಸ್ತ ಮಳೆಯ ಹೊತ್ತಿನಲ್ಲಿ, ಮೂಸಿ ಉಕ್ಕಿ ಹೈದರಾಬಾದನ್ನು ನುಂಗಿತು. ಸುಮಾರು 15,000 ಜನ ಸತ್ತರೆಂದು ಅಂದಾಜು. ಮರುವರ್ಷ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಅವರು ನಗರದ ಸೇತುವೆ, ದಂಡೆಗಳನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ, ನದಿಯ ಮೇಲಿನ ಇಡೀ ಜಲಾನಯನದ ಲೆಕ್ಕ ತೆಗೆದರು. ಅಲ್ಲಿದ್ದ ಕೆರೆಗಳು 788, ಸರಿಸುಮಾರು ಚದರ ಮೈಲಿಗೊಂದು. ಆ ಮಳೆಗೆ ಒಡೆದವು 221. ಒಂದು ಕೆರೆ ಒಡೆದು ಕೆಳಗಿನದರ ಮೇಲೆ ಬಿತ್ತು, ಅದು ಮತ್ತೊಂದರ ಮೇಲೆ ಬಿತ್ತು, ನಗರಕ್ಕೆ ಬಂದದ್ದು ಅವೆಲ್ಲವುಗಳ ನೀರು.

ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯಬೇಕೆಂಬ ಅವರ ಯೋಜನೆಯಿಂದ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಬಂದವು. ಪ್ರವಾಹ ತಡೆಯಲು ಕಟ್ಟಿದ ಅವೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಆ ವರದಿಯಿಂದ ನಾನು ಕಲಿತದ್ದು, ಮೇಲಿನ ಸಣ್ಣ ಸಣ್ಣ ಒಡ್ಡುಗಳ ಕ್ಷೇಮದಲ್ಲೇ ಕೆಳಗಿನ ನಗರದ ಕ್ಷೇಮವಿದೆ ಎಂಬುದನ್ನು.

ಮಳೆ ನಕ್ಷತ್ರದ ಪ್ರಕಾರ ಕೆಲಸ

ನಮ್ಮ ವರ್ಷ ಆರಂಭವಾಗುವುದು ಕಡಲೆ, ಜೋಳದ ಸುಗ್ಗಿ ಮುಗಿದ ಮೇಲೆ. ಹೊಲ ಖಾಲಿಯಾದಾಗಲೇ ಕೂಲಿಗೂ ಜನ ಸಿಗುತ್ತಾರೆ, ನೆಲದ ಇಳಿಜಾರೂ ಕಣ್ಣಿಗೆ ಕಾಣುತ್ತದೆ. ಮೊದಲ ಕೆಲಸ ಹೂಳು ತೆಗೆಯುವುದು. ಹಳ್ಳದ ಒಡ್ಡಿನ ಹಿಂದೆ ಒಂದು ಮಳೆಗಾಲದಲ್ಲಿ ನಿಲ್ಲುವ ಮಣ್ಣು ಯಾರದೋ ಹೊಲದ ಮೇಲ್ಪದರ, ಅದರಲ್ಲಿ ಸಾರ ತುಂಬಿರುತ್ತದೆ. ರೈತರು ಟ್ರ್ಯಾಕ್ಟರಿನಲ್ಲಿ ಹೇರಿ ಮತ್ತೆ ಹೊಲಕ್ಕೆ ಒಯ್ಯುತ್ತಾರೆ. ಒಡ್ಡಿನಲ್ಲಿ ನೀರಿಗೆ ಜಾಗ ಆಗುತ್ತದೆ, ಹೊಲಕ್ಕೆ ಗೊಬ್ಬರ ಆಗುತ್ತದೆ.

ಏಪ್ರಿಲ್, ಮೇ ತಿಂಗಳು ಬದುವಿನದು. ಬದು ಹಾಕುವುದು ಸುಲಭ ಎಂದು ತಿಳಿದವರು ಎರೆ ಭೂಮಿಯನ್ನು ನೋಡಿಲ್ಲ. ಮಸಾರಿ ನೆಲದಲ್ಲಿ ಸಮಪಾತಳಿ ಬದು ಹಾಕಿದರೆ ನೀರು ನಿಂತು ಇಂಗುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ನೆನೆದಾಗ ಉಬ್ಬಿ ನೀರನ್ನು ಒಳಗೆ ಬಿಡದೆ ಮೇಲೆಯೇ ನಿಲ್ಲಿಸುತ್ತದೆ. ಅಲ್ಲಿ ಸಮಪಾತಳಿ ಬದು ಹಾಕಿದರೆ ಬಿರುಕಿನಿಂದ ಒಡೆಯುತ್ತದೆ, ಇಲ್ಲವೇ ಬೆಳೆ ಜೌಗಿಗೆ ಸಿಕ್ಕಿ ಕೊಳೆಯುತ್ತದೆ. ಆದ್ದರಿಂದ ಎರೆ ಹೊಲದಲ್ಲಿ ಬದುವಿಗೆ ತುಸುವೇ ಇಳಿಜಾರು ಕೊಟ್ಟು, ಹೆಚ್ಚಾದ ನೀರು ಹುಲ್ಲು ಬೆಳೆದ ಕಾಲುವೆಗೆ ನಿಧಾನವಾಗಿ ನಡೆದುಹೋಗುವಂತೆ ಮಾಡಬೇಕು. ಮಟ್ಟ ನೋಡುವವನ ಕಣ್ಣು ಒಂದಿಷ್ಟು ತಪ್ಪಿದರೂ ಅದನ್ನು ಮಳೆ ತೋರಿಸಿಕೊಡುತ್ತದೆ.

ಮಿರಗ ಕೂಡುತ್ತಿದ್ದಂತೆ, ಜೂನ್ ಎರಡನೇ ವಾರದಿಂದ, ಗಿಡ ನೆಡುವ ಕೆಲಸ. ಬದುವಿನ ಮೇಲೆ ಅರ್ಧ ಮೀಟರಿಗೊಂದರಂತೆ ಗೊಬ್ಬರ ಗಿಡ ಗ್ಲಿರಿಸಿಡಿಯಾ ನೆಡುತ್ತೇವೆ. ಬೇರು ಬದುವನ್ನು ಹಿಡಿದಿಡುತ್ತದೆ. ಬಲಿತ ಮೇಲೆ ಸೊಪ್ಪು ಕತ್ತರಿಸಿ ಹೊಲಕ್ಕೆ ಹಾಕಿದರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 30 ಕಿಲೋ ಸಾರಜನಕ ಸಿಗುತ್ತದೆ. ಅಷ್ಟರಮಟ್ಟಿಗೆ ಯೂರಿಯಾ ಕಡಿಮೆ, ಹಳ್ಳಕ್ಕೆ ತೊಳೆದುಹೋಗುವ ನೈಟ್ರೇಟೂ ಕಡಿಮೆ. ಬದುವಿನ ಗಿಡ ಹೀಗೆ ಕುಡಿಯುವ ನೀರಿನ ಪ್ರಶ್ನೆಯೂ ಆಗುತ್ತದೆ.

ಆರಿದ್ರದಿಂದ ಹಸ್ತದವರೆಗೆ ಕಾವಲು. ಪ್ರತಿ ದೊಡ್ಡ ಮಳೆಯ ಮರುದಿನ ಒಡ್ಡಿನಿಂದ ಒಡ್ಡಿಗೆ ನಡೆದು ಕೋಡಿಯ ಕಲ್ಲು ಜರುಗಿದೆಯೇ, ಏಡಿ, ಇಲಿಗಳು ಬಿಲ ತೋಡಿವೆಯೇ, ಬದುವಿನ ಬುಡ ಕುಸಿದಿದೆಯೇ ಎಂದು ನೋಡಬೇಕು. ಇಂದು ಎರಡು ಬುಟ್ಟಿ ಮಣ್ಣಿನಲ್ಲಿ ಮುಚ್ಚುವ ತೂತು ಮುಂದಿನ ಮಳೆಗೆ ಇಡೀ ಒಡ್ಡನ್ನು ಒಯ್ಯುತ್ತದೆ. ಹರಿವು ಅಳೆಯುವ ಜಾಗದಲ್ಲಿ ನೀರಿನ ಮಾದರಿ ಹಿಡಿದು, ಒಣಗಿಸಿ, ತಳದಲ್ಲಿ ಉಳಿದ ಮಣ್ಣನ್ನು ತೂಗುತ್ತೇವೆ. ವರ್ಷದ ದುಡಿಮೆಯ ಫಲ ಅಲ್ಲಿ ಕಾಣುತ್ತದೆ.

ಕೊತ್ತಪಲ್ಲಿಯ ಪಾಠ

ಇದೆಲ್ಲ ಫಲ ಕೊಡುತ್ತದೆಯೇ ಎಂದು ಕೇಳುವವರಿಗೆ ನಾನು ತೋರಿಸುವ ಜಾಗಗಳು ಎರಡು. ಒಂದು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಆವರಣ. ಒಣಭೂಮಿ ಬೆಳೆಗಳಿಗೆಂದು 1972ರಲ್ಲಿ ಆರಂಭವಾದ ಈ ಅಂತರರಾಷ್ಟ್ರೀಯ ಸಂಸ್ಥೆ 1976ರಿಂದ ಒಂದೇ ಎರೆ ಹೊಲದಲ್ಲಿ ಎರಡು ಪದ್ಧತಿಗಳನ್ನು ಹೋಲಿಸುತ್ತ ಬಂದಿದೆ. ಒಂದು ಕಡೆ ನಮ್ಮ ಬೀದರ್ ಸೀಮೆಯವರಂತೆ ಮಳೆಗಾಲದಲ್ಲಿ ಹೊಲವನ್ನು ಬೀಳು ಬಿಟ್ಟು ಹಿಂಗಾರಿಗೆ ಜೋಳ, ಕಡಲೆ ಬಿತ್ತುವ ಪದ್ಧತಿ. ಇನ್ನೊಂದು ಕಡೆ ಅಗಲ ಮಡಿ, ನಡುವೆ ಸಾಲು ಮಾಡಿ, ಮುಂಗಾರಿನಲ್ಲೇ ಬೇರೊಂದು ಬೆಳೆಯನ್ನು ಬಿತ್ತಿ ತೊಗರಿಯೊಂದಿಗೆ ಬೆಳೆಯುವ ಪದ್ಧತಿ. ಮೊದಲನೆಯದರಲ್ಲಿ ಹೆಕ್ಟೇರಿಗೆ ಸರಾಸರಿ 1.1 ಟನ್ ಕಾಳು, ಎರಡನೆಯದರಲ್ಲಿ 5.1 ಟನ್. ಕೊಚ್ಚಿಹೋಗುವ ಮಣ್ಣು ಮೊದಲನೆಯದರಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸುಮಾರು ಆರೂವರೆ ಟನ್, ಎರಡನೆಯದರಲ್ಲಿ ಒಂದೂವರೆ ಟನ್. ಬರಿಯ ನೆಲದ ಮೇಲೆ ಬಿದ್ದ ಮಳೆ ಮಣ್ಣು ಹೊತ್ತು ಓಡುತ್ತದೆ, ಬೆಳೆಯ ಮೇಲೆ ಬಿದ್ದದ್ದು ಇಂಗುತ್ತದೆ.

ಎರಡನೆಯದು ಶಂಕರಪಲ್ಲಿ ಮಂಡಲದ ಕೊತ್ತಪಲ್ಲಿ, ಉಸ್ಮಾನ್ ಸಾಗರದ ಜಲಾನಯನದೊಳಗೇ ಇರುವ ಹಳ್ಳಿ. 1999ರಲ್ಲಿ ಡಾ. ಸುಹಾಸ್ ವಾನಿ ಮುಂದಾಳತ್ವದ ಇಕ್ರಿಸ್ಯಾಟ್ ತಂಡ, ಸರ್ಕಾರಿ ಇಲಾಖೆ, ಸ್ವಯಂಸೇವಾ ಸಂಸ್ಥೆ ಮತ್ತು ಊರವರು ಸೇರಿ ಇಲ್ಲಿ ಆದರ್ಶ ಜಲಾನಯನ ಎಂಬ ಕೆಲಸ ಹೂಡಿದರು. ಸುಮಾರು 465 ಹೆಕ್ಟೇರ್ ನೆಲದಲ್ಲಿ 14 ನೀರು ನಿಲ್ಲಿಸುವ ಕಟ್ಟೆಗಳು, ಕೊರಕಲುಗಳಿಗೆ ಅಡ್ಡಲಾಗಿ 97 ಕಲ್ಲು ತಡೆಗಳು, 60 ಸಣ್ಣ ಇಂಗುಗುಂಡಿಗಳು ಬಂದವು. ಬತ್ತಿದ ಬಾವಿಗಳಿಗೆ ಹೊಲದ ಹೆಚ್ಚುವರಿ ನೀರನ್ನು ಸೋಸಿ ಬಿಡಲಾಯಿತು. ಹೆಂಗಸರ ಸಂಘಗಳು ಎರೆಹುಳು ಗೊಬ್ಬರ ಮಾಡಿ ಮಾರಿದವು. ಬಾವಿಗಳಲ್ಲಿ ನೀರು ಏರಿತು, ಹಿಂಗಾರಿಗೂ ಬೆಳೆ ಬಂತು, ಹಳ್ಳಕ್ಕೆ ಹೋಗುವ ಮಣ್ಣು ಇಳಿಯಿತು.

ಮೇಲಿನವರು ಹಿಡಿದರೆ ಕೆಳಗಿನವರಿಗೆ?

ಇಲ್ಲೊಂದು ನ್ಯಾಯವಾದ ಪ್ರಶ್ನೆ ಇದೆ. ಮೇಲಿನ ಹಳ್ಳಿಗಳು ಮಳೆಯನ್ನು ಹೊಲದಲ್ಲೇ ಹಿಡಿದರೆ ಕೆರೆಗೆ ಬರುವ ನೀರು ಕಡಿಮೆಯಾಗುವುದಿಲ್ಲವೇ? ಆಗುತ್ತದೆ. ಇಡೀ ಉಸ್ಮಾನ್ ಸಾಗರ ಜಲಾನಯನಕ್ಕೆ ಈ ಕೆಲಸ ವಿಸ್ತರಿಸಿದರೆ ಏನಾದೀತೆಂದು ಇಕ್ರಿಸ್ಯಾಟಿನ ವಿಜ್ಞಾನಿಗಳೇ ಲೆಕ್ಕ ಹಾಕಿದ್ದಾರೆ. ಅಂತರ್ಜಲ ಹೆಚ್ಚುತ್ತದೆ, ರೈತರ ಬೆಳೆ, ಆದಾಯ ಹೆಚ್ಚುತ್ತವೆ, ಮಣ್ಣಿನ ಸವಕಳಿ ತಗ್ಗುತ್ತದೆ, ಜೊತೆಗೆ ಜಲಾಶಯದ ಒಳಹರಿವೂ ತಗ್ಗುತ್ತದೆ.

ಇದನ್ನು ಮುಚ್ಚಿಡಬೇಕಾಗಿಲ್ಲ. ಮಣ್ಣು ಹೊತ್ತು ಒಮ್ಮೆಗೇ ನುಗ್ಗುವ ನೀರು ಕೆರೆಯ ಹೊಟ್ಟೆಯಲ್ಲಿ ಹೂಳು ತುಂಬಿ, ಮುಂದಿನ ವರ್ಷಗಳ ನೀರಿನ ಜಾಗವನ್ನೂ ಕಿತ್ತುಕೊಳ್ಳುತ್ತದೆ. ಹೈದರಾಬಾದು ಇಂದು ಕುಡಿಯುವ ನೀರಿನ ಹೆಚ್ಚಿನ ಪಾಲನ್ನು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕೃಷ್ಣಾ, ಗೋದಾವರಿಗಳಿಂದ ಪಂಪು ಮಾಡಿ ತರುತ್ತದೆ. ಅಷ್ಟು ದೂರದಿಂದ ತರಬಲ್ಲ ನಗರ, ತನ್ನ ಮಗ್ಗುಲ ರೈತನ ಬಾವಿಯಲ್ಲಿ ಒಂದಿಷ್ಟು ನೀರು ನಿಂತರೆ ಸಹಿಸಬೇಕು. ಉಸ್ಮಾನ್ ಸಾಗರಕ್ಕೆ ನಿಜವಾಗಿ ಹೆದರಿಕೆ ಇರುವುದು ಬದುಗಳಿಂದಲ್ಲ, ಹೊಲ ಮಾಯವಾಗುವುದರಿಂದ. 1996ರ ಮಾರ್ಚ್ 8ರ 111ನೇ ಸರ್ಕಾರಿ ಆದೇಶ ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ತಡೆದಿತ್ತು. 2022ರ ಏಪ್ರಿಲ್‌ನಲ್ಲಿ ಹೊರಟ 69ನೇ ಆದೇಶ ಆ ನಿರ್ಬಂಧಗಳನ್ನು ಸಡಿಲಿಸಿತು. ಹೊಲದ ಮೇಲೆ ಬಿದ್ದ ಮಳೆಗೆ ಇಂಗುವ ದಾರಿಯಿದೆ. ಕಾಂಕ್ರೀಟಿನ ಮೇಲೆ ಬಿದ್ದದ್ದು ಎಣ್ಣೆ, ಕೊಳಚೆ ಸೇರಿಸಿಕೊಂಡು ನೇರ ಕೆರೆಗೆ ಬರುತ್ತದೆ.

ಕೂಲಿ ಯಾರು ಕೊಡಬೇಕು

84 ಹಳ್ಳಿಗಳ ರೈತರು ಕಾಲು ಶತಮಾನ ನಗರದ ನೀರಿಗಾಗಿ ತಮ್ಮ ಜಮೀನಿನ ಬೆಲೆಯನ್ನು ತ್ಯಾಗ ಮಾಡಿದರು. ನಿರ್ಬಂಧ ತೆಗೆಯಿರಿ ಎಂದು ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ಏಕೆಂದರೆ ಆ ತ್ಯಾಗಕ್ಕೆ ತಕ್ಕದ್ದನ್ನು ಯಾರೂ ಅವರ ಕೈಯಲ್ಲಿಡಲಿಲ್ಲ. ನ್ಯೂಯಾರ್ಕ್ ನಗರ 1990ರ ದಶಕದಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ತನ್ನ ಜಲಾನಯನದ ರೈತರೊಂದಿಗೆ ಒಪ್ಪಂದ ಮಾಡಿಕೊಂಡು, ಅವರ ಹೊಲ, ಕೊಟ್ಟಿಗೆಗಳಿಂದ ಕೊಳೆ ಹೊಳೆಗೆ ಹೋಗದಂತೆ ಮಾಡುವ ಖರ್ಚನ್ನು ತಾನೇ ಹೊತ್ತಿತು. ಭಾರೀ ಸೋಸುಘಟಕ ಕಟ್ಟುವುದಕ್ಕಿಂತ ಅದು ಅಗ್ಗ ಎಂಬುದು ಅದರ ಲೆಕ್ಕ.

ನಮ್ಮಲ್ಲಿ ಜಲಾನಯನ ಕೆಲಸ ಬರುವುದು ಯೋಜನೆಯಾಗಿ. ಕೆಲವು ವರ್ಷ ಹಣ ಬರುತ್ತದೆ, ಕಟ್ಟೆ ಏಳುತ್ತದೆ, ಫಲಕ ನಿಲ್ಲುತ್ತದೆ. ಅವಧಿ ಮುಗಿದ ಮೇಲೆ ಹೂಳು ತೆಗೆಯಲು, ಕೋಡಿಯ ಕಲ್ಲು ಕೂರಿಸಲು ಯಾರ ಲೆಕ್ಕದಲ್ಲೂ ದುಡ್ಡಿರುವುದಿಲ್ಲ. ಹೂಳು ತುಂಬಿದ ಕಟ್ಟೆ ನೀರು ಹಿಡಿಯದು, ಕೋಡಿ ಒಡೆದ ಕಟ್ಟೆ ಮೊದಲಿಗಿಂತ ದೊಡ್ಡ ಕೊರಕಲು ಮಾಡುತ್ತದೆ.

ಈ ಮಾತು ಬೀದರಿನವರಿಗೂ ಸಲ್ಲುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟದಲ್ಲಿ ಹುಟ್ಟುವ ಮಂಜೀರಾ ನಮ್ಮ ಜಿಲ್ಲೆಯಲ್ಲಿ ಕಾರಂಜಾವನ್ನು ಕೂಡಿಕೊಂಡು ಸಿಂಗೂರು ಜಲಾಶಯಕ್ಕೆ ಬರುತ್ತದೆ. ಪಟಾನ್‌ಚೆರುವಿಗೆ ಬಹುಕಾಲದಿಂದ ಬರುತ್ತಿರುವುದು ಆ ನೀರು. ಭಾಲ್ಕಿಯ ಎರೆ ಹೊಲ ಮಳೆಗಾಲದಲ್ಲಿ ಬೀಳು ಬಿದ್ದರೆ ಅದರ ಮಣ್ಣು ಹರಿಯುವುದು ಈ ದಾರಿಯಲ್ಲೇ. ಬದುವಿನ ಕೆಲಸಕ್ಕೆ ರಾಜ್ಯದ ಗಡಿ ಇಲ್ಲ.

ಹೈದರಾಬಾದಿನ ಪ್ರತಿ ಮನೆಯ ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಪಾಲು ಮೇಲಿನ ಹಳ್ಳಿಗಳ ಹೆಸರಿಗೆ ಹೋಗಲಿ. ಅದರಿಂದ ಪ್ರತಿ ಹಳ್ಳಿಯಲ್ಲೂ ಒಬ್ಬಿಬ್ಬರು ನೀರುಗಂಟಿಗಳಿಗೆ ವರ್ಷವಿಡೀ ಸಂಬಳ, ಬೇಸಿಗೆಯಲ್ಲಿ ಹೂಳು, ಬದುವಿಗೆ ಕೂಲಿ, ಮಳೆಗಾಲದಲ್ಲಿ ಹೊಲವನ್ನು ಬರಿದು ಬಿಡದ ರೈತನಿಗೆ ಪ್ರೋತ್ಸಾಹಧನ ಸಿಗಲಿ. ಕೊಳವೆ, ಪಂಪುಗಳ ದುರಸ್ತಿಗೆ ಪ್ರತಿ ವರ್ಷ ತಪ್ಪದೆ ಹಣ ತೆಗೆದಿಡುವ ನಗರ, ಆ ಕೊಳವೆಗೆ ನೀರು ಕೊಡುವ ನೆಲದ ದುರಸ್ತಿಗೂ ತೆಗೆದಿಡಲಿ.